ಅಪ್‌ಡೇಟ್: ಮರದ ಪ್ರೊಪೆಲರ್ ಕಂಪನಕ್ಕೆ ಕಾರಣ ಸಿಕ್ಕಿತು

ನನ್ನ ವಿಮಾನಕ್ಕೆ ಎರಡು ಅಲಗಿನ ಹೊಸ ಮರದ ಪ್ರೊಪೆಲರ್ ಹಾಕಿದ ಮೇಲೆ ಎಂಜಿನ್ ನಡುಗುತ್ತಿದೆ, ಅಲಗಿನ ತುದಿಗಳ ಟ್ರ್ಯಾಕ್‌ನಲ್ಲಿ 5 ಮಿ.ಮೀ. ವ್ಯತ್ಯಾಸವಿದೆ (ಅಂದರೆ ತಿರುಗುವಾಗ ಎರಡೂ ತುದಿಗಳು ಒಂದೇ ಸಮತಲದಲ್ಲಿ ಸಾಗುತ್ತಿಲ್ಲ), ಕಾರಣವೇನು ಎಂದು ಹಿಂದೆ ಇಲ್ಲಿ ಪ್ರಶ್ನೆ ಹಾಕಿದ್ದೆ. ಮರದ್ದಕ್ಕೆ ಸಾಮಾನ್ಯ ಮಿತಿ ಸುಮಾರು 3 ಮಿ.ಮೀ., ಲೋಹದ್ದಕ್ಕೆ 1.6.

ಫ್ಲೇಂಜ್ (ಪ್ರೊಪೆಲರ್ ಕೂರುವ, ಎಂಜಿನ್ ಕಡೆಯ ಚಪ್ಪಟೆ ಲೋಹದ ತಟ್ಟೆ) ನೋಡಿ ಎಂದವರ ಮಾತೇ ನಿಜವಾಯಿತು. ಒಂದು ಅಂಚಿನಲ್ಲಿ ಹಳೆಯ ಬಣ್ಣದ ಗಟ್ಟಿ ಪದರ ಉಳಿದಿತ್ತು. 1.7 ಮೀಟರ್ ಪ್ರೊಪೆಲರ್‌ಗೆ 120 ಮಿ.ಮೀ. ಫ್ಲೇಂಜ್ ಇದ್ದರೆ, ಅಂಚಿನಲ್ಲಿ ಬರೀ 0.35 ಮಿ.ಮೀ. ಎತ್ತರವೇ ಎರಡು ತುದಿಗಳ ನಡುವೆ 5 ಮಿ.ಮೀ. ವ್ಯತ್ಯಾಸವಾಗುತ್ತದೆ! ಹಾಗಾಗಿ ಓರೆ ಸರಿಪಡಿಸಲು ಶಿಮ್ (ತೆಳು ಹಾಳೆ) ತುರುಕುವ ಮೊದಲು ಫ್ಲೇಂಜ್, ಪ್ರೊಪೆಲರ್ ಎರಡರ ಮುಖಗಳನ್ನೂ ಒರೆಸಿ, ಬೆರಳಾಡಿಸಿ ನೋಡಲೇಬೇಕು.

ಪದರ ತೆಗೆದು, ಆರು ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಸುತ್ತಾ ತಯಾರಕರು ಹೇಳಿದ ಟಾರ್ಕ್‌ಗೆ (ಬಿಗಿತದ ಅಳತೆಗೆ) ತಂದೆ. ಒಂದನ್ನೇ ಪೂರ್ತಿ ಬಿಗಿಸಿದರೆ ಮರ ಆ ಕಡೆ ಅದುಮಿಕೊಂಡು ಟ್ರ್ಯಾಕ್ ಮತ್ತೆ ಕೆಡುತ್ತದೆ. ಈಗ ವ್ಯತ್ಯಾಸ 1.5 ಮಿ.ಮೀ., ನಡುಕವಿಲ್ಲ.

ಅಳೆಯುವಾಗ ಇಗ್ನಿಷನ್ ಆಫ್, ಚಕ್ರಕ್ಕೆ ಅಡೆ, ಪ್ರತಿ ಸಿಲಿಂಡರ್‌ನಿಂದ ಒಂದು ಸ್ಪಾರ್ಕ್ ಪ್ಲಗ್ ಹೊರಗೆ. ಇದರಲ್ಲಿ ರಿಯಾಯಿತಿ ಬೇಡ.

ಮೊದಲ ಹಾರಾಟದ ನಂತರ ಟಾರ್ಕ್ ಮತ್ತೆ ನೋಡುತ್ತೇನೆ, ಹವೆ ಒಣಗಿದಾಗಲೂ. ಮರ ಕುಗ್ಗಿ ಬೋಲ್ಟ್ ಸಡಿಲವಾದರೆ ಹಬ್ (ಪ್ರೊಪೆಲರ್‌ನ ನಡುಭಾಗ) ಫ್ಲೇಂಜ್‌ಗೆ ಉಜ್ಜಿ, ಬೋಲ್ಟ್ ರಂಧ್ರಗಳು ಸುಟ್ಟು ಕಪ್ಪಾಗುತ್ತವೆ.