ಹಿಂದಿಯ ‘ಜಾತೀ ಹೂಂ’ ಕನ್ನಡಕ್ಕೆ ಬಂದಾಗ ಎಲ್ಲಿ ಹೋಗುತ್ತದೆ?

ಅಂಧೇರಿ ಲೋಕಲ್:
ನಾನು ಟ್ರಾನ್ಸ್ ಹೆಣ್ಣು. ಊರು ಸಾಗರ. ಒಂಬತ್ತು ವರ್ಷದಿಂದ ಮುಂಬೈನಲ್ಲಿದ್ದೇನೆ. ಅಂಧೇರಿಯಲ್ಲಿ ಹಿಂದಿ ಸೀರೀಸ್‌ಗಳಿಗೆ ಕನ್ನಡ ಡಬ್ಬಿಂಗ್ ಸಂಭಾಷಣೆ ಬರೆಯುತ್ತೇನೆ. ಹೋದ ವಾರ ಒಂದು ಸೀನ್‌ನಲ್ಲಿ ಸಿಕ್ಕಿಹಾಕಿಕೊಂಡೆ.

ಎಲ್ಲರೂ ಹುಡುಗ ಅಂದುಕೊಂಡಿರುವ ಪಾತ್ರ. ಐದು ಕಂತು ಗಂಡಸರ ಹಾಗೆ ‘ಮೈಂ ಜಾತಾ ಹೂಂ’ ಅನ್ನುತ್ತದೆ. ಆರನೇ ಕಂತಿನಲ್ಲಿ ಅಪ್ಪನ ಎದುರು ನಿಂತು ‘ಮೈಂ ಜಾತೀ ಹೂಂ’ ಅಂತ ಹೇಳಿ ಹೊಸಿಲು ದಾಟುತ್ತಾಳೆ. ಅಷ್ಟೇ. ಮ್ಯೂಸಿಕ್ ಕೂಡ ಇಲ್ಲ. ನಾನು ಹೆಡ್‌ಫೋನ್ ತೆಗೆದಿಟ್ಟು ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕೂತೆ. ಕನ್ನಡದಲ್ಲಿ ಏನು ಬರೆಯಲಿ? ಎರಡಕ್ಕೂ ‘ನಾನು ಹೋಗ್ತೀನಿ’ ಅಂತಲೇ ಅಲ್ವಾ? ‘ನಾನು’ ಅಂದವರು ಗಂಡೋ ಹೆಣ್ಣೋ ನಮ್ಮ ಭಾಷೆ ಕೇಳುವುದೇ ಇಲ್ಲ.

ನನಗೆ ಅದು ಆಸರೆಯಾಗಿತ್ತು. ನಾಲ್ಕು ವರ್ಷ ಅಮ್ಮನ ಜೊತೆ ಫೋನಲ್ಲಿ ಒಂದೂ ಸುಳ್ಳು ಹೇಳದೆ ಮಾತಾಡಿದೆ. ಬಂದೆ, ಉಂಡೆ, ಮಲಗಿದೆ. ಚೂಡಿದಾರ್ ಹಾಕಿಕೊಂಡೇ ಮಾತಾಡುತ್ತಿದ್ದೆ. ಇಲ್ಲಿ ಮಾತ್ರ ಮೊದಲ ದಿನವೇ ರಿಕ್ಷಾದವನ ಹತ್ತಿರ ‘ಜಾವೂಂಗಾ’ ಅನ್ನಬೇಕೋ ‘ಜಾವೂಂಗೀ’ ಅನ್ನಬೇಕೋ ತೀರ್ಮಾನ ಮಾಡಬೇಕಾಯಿತು.

ಕನ್ನಡದಲ್ಲಿ ನಾವು ಯಾರು ಅನ್ನೋದು ಬೇರೆಯವರ ಬಾಯಲ್ಲಿದೆ. ‘ಊಟ ಆಯ್ತೇನೋ?’ ಅನ್ನುತ್ತಿದ್ದ ಅಮ್ಮ 2021ರ ಚೌತಿ ದಿನ ‘ಊಟ ಆಯ್ತೇನೇ?’ ಅಂದರು. ಅದಕ್ಕೇ ಆ ಸೀನ್‌ನ ಅಪ್ಪನ ಬಾಯಲ್ಲಿ ಒಂದು ‘ಹುಷಾರು ಕಣೇ’ ಹಾಕೋಣ ಅಂತ ಸ್ಟುಡಿಯೋದವರನ್ನು ಕೇಳಿದೆ. ಅಪ್ಪನ ಬಾಯಿ ಮುಚ್ಚಿದೆ, ಆಗುವುದಿಲ್ಲ ಅಂದರು. ‘ನಾನು ಹೋಗ್ತೀನಿ’ ಅಂತಲೇ ರೆಕಾರ್ಡ್ ಆಯಿತು. ಮನಸ್ಸಿಗೆ ಸಮಾಧಾನ ಇಲ್ಲ.

ನಮ್ಮಂಥವರ ಪಾತ್ರ ನೋಡುವಾಗ ನಿಮ್ಮ ಕಿವಿ ಯಾವ ಮಾತಿಗೆ ಕಾಯುತ್ತದೆ?

ಭಾಂಡುಪ್ ಅಕ್ಕ:
ತಂಗೀ, ನನ್ನ ಕಿವಿ ಸುತ್ತ ಕೂತವರ ನಗುವಿನ ಮೇಲೇ ಇರುತ್ತದೆ. 1991ರಲ್ಲಿ ‘ಸಡಕ್’ ಬಂದಾಗ ನಾನು ಈ ಊರಿಗೆ ಹೊಸಬಳು. ಅದರಲ್ಲಿ ಸದಾಶಿವ ಅಮರಾಪುರ್‌ಕರ್ ಮಾಡಿದ ಮಹಾರಾಣಿ ಅನ್ನುವ ಹಿಜ್ಡಾ ಖಳ ಪಾತ್ರ ಹುಡುಗಿಯರನ್ನಿಟ್ಟು ದಂಧೆ ನಡೆಸುತ್ತದೆ. ನಾನು ಸ್ಟೇಷನ್ ಹೊರಗೆ ಹೂ ಮಾರುತ್ತಿದ್ದೆ. ತಿಂಗಳುಗಟ್ಟಲೆ ಹುಡುಗರು ನನ್ನನ್ನು ‘ಮಹಾರಾಣಿ’ ಅಂತ ಕೂಗಿದರು.

ನಾವು ಯಾರು ಅನ್ನೋದು ಬೇರೆಯವರ ಬಾಯಲ್ಲಿದೆ ಅಂದೆಯಲ್ಲ, ಅದನ್ನು ನಾನು ನೋಡಿದ್ದು 2017ರ ವಿಕ್ಸ್ ಜಾಹೀರಾತಿನಲ್ಲಿ. ಒಂದು ಹುಡುಗಿ ತನ್ನ ಅಮ್ಮನ ಬಗ್ಗೆ ಹೇಳುತ್ತಾ ಹೋಗುತ್ತಾಳೆ. ಆ ಅಮ್ಮ ನಮ್ಮ ಗೌರಿ ಸಾವಂತ್, ಟ್ರಾನ್ಸ್ ಹೋರಾಟಗಾರ್ತಿ. ಸ್ವತಃ ಗೌರಿಯೇ ಬಂದಿದ್ದರು. 2023ರಲ್ಲಿ ಅವರ ಬದುಕು ‘ತಾಲಿ’ ಸೀರೀಸ್ ಆದಾಗ ಗೌರಿಯಾಗಿ ಬಂದದ್ದು ಸುಷ್ಮಿತಾ ಸೇನ್. ಒಳ್ಳೇ ನಟಿ, ಕಷ್ಟಪಟ್ಟು ಮಾಡಿದ್ದಾರೆ. ನನಗೆ ಜಾಹೀರಾತೇ ಜಾಸ್ತಿ ಹತ್ತಿರ.

ಪುಣೆ ಹುಡುಗ:
ಅಕ್ಕಾ, ನಾನು ಟ್ರಾನ್ಸ್ ಗಂಡು. ಮರಾಠಿಯಲ್ಲೂ ಹಾಗೇ, ‘ಮೀ ಜಾತೋ’, ‘ಮೀ ಜಾತೇ’. ಆಫೀಸಿನಲ್ಲಿ ಮೊದಲ ಸಲ ‘ಜಾತೋ’ ಅಂದಾಗ ಟೀ ಕಪ್ ಹಿಡಿದ ಕೈ ನಡುಗಿತ್ತು. ಸಂಚಾರಿ ವಿಜಯ್ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂದ ಸಿನಿಮಾದ ಹೆಸರು ನೋಡಿ: ‘ನಾನು ಅವನಲ್ಲ... ಅವಳು’. ಬರೀ ‘ನಾನು’ ಅಂದರೆ ಕನ್ನಡದಲ್ಲಿ ಸಾಲುವುದಿಲ್ಲ, ಪಕ್ಕದಲ್ಲಿ ‘ಅವಳು’ ಬೇಕೇ ಬೇಕು. ‘ಅವಳಲ್ಲ, ಅವನು’ ಅನ್ನುವ ಪಾತ್ರ ನಾನು ನೋಡಿದ ಯಾವ ಕನ್ನಡ ಸಿನಿಮಾದಲ್ಲೂ ಸಿಕ್ಕಿಲ್ಲ. ಅದಕ್ಕೇ ಕಾಯುತ್ತಿದ್ದೇನೆ.

ಅಪ್ಪನನ್ನು ಬಿಡಿ. ಅವಳು ಹೋದ ಮೇಲೆ ಅವಳ ಬಗ್ಗೆ ಯಾರಾದರೂ ಮಾತಾಡುತ್ತಾರಲ್ಲ, ಅಲ್ಲಿ ಹುಡುಕಿ.

ಅಂಧೇರಿ ಲೋಕಲ್:
ತಮ್ಮಾ, ಸಿಕ್ಕಿತು! ಏಳನೇ ಕಂತಿನಲ್ಲಿ ಪಕ್ಕದ ಮನೆಯವರು ಬಂದು ಕೇಳುತ್ತಾರೆ. ಅವಳ ತಮ್ಮ ‘ವೋ ಘರ್ ಪೇ ನಹೀಂ ಹೈ’ ಅನ್ನುತ್ತಾನೆ. ಅವನಿಗೆ ಮೊದಲಿನಿಂದ ಎಲ್ಲ ಗೊತ್ತು. ಹಿಂದಿಯ ‘ವೋ’ ಗಂಡಿಗೂ ಹೆಣ್ಣಿಗೂ ಒಂದೇ. ನಾನೂ ಸುಮ್ನೆ ‘ಮನೇಲಿಲ್ಲ’ ಅಂತ ಬರೆದು ಮುಂದೆ ಹೋಗಿದ್ದೆ. ಈಗ ‘ಅವಳು ಮನೇಲಿಲ್ಲ’ ಅಂತ ತಿದ್ದಿದೆ. ತುಟಿಗೂ ಹೊಂದುತ್ತದೆ. ಸೋಮವಾರ ರೆಕಾರ್ಡಿಂಗ್.