ದಿನಾ ನಡೆಯುತ್ತೇನೆ, ಆದರೂ ನೆಲದಿಂದ ಏಳಲು ಆಸರೆ ಬೇಕು. 61ರಲ್ಲಿ ಇನ್ನೇನು ಮಾಡಬೇಕು?

ಪ್ರಶ್ನೆ:
ನನಗೆ 61 ವರ್ಷ. ಬಿಪಿಗೆ ಒಂದು ಮಾತ್ರೆ ಬಿಟ್ಟರೆ ಬೇರೆ ತೊಂದರೆ ಇಲ್ಲ. ದಿನಾ ಬೆಳಗ್ಗೆ ವಾಕಿಂಗ್ ಮಾಡುತ್ತೇನೆ. ಆದರೂ ಇತ್ತೀಚೆಗೆ ನೆಲದ ಮೇಲೆ ಕೂತರೆ ಏನಾದರೂ ಹಿಡಿದುಕೊಂಡೇ ಏಳಬೇಕು, ಮೆಟ್ಟಿಲು ಹತ್ತುವಾಗ ಕೈ ತಾನಾಗಿಯೇ ಕಂಬಿ ಹುಡುಕುತ್ತದೆ. ನೂರು ವರ್ಷ ಬದುಕಬೇಕು ಅಂತೇನೂ ಆಸೆ ಇಲ್ಲ. ಇರುವಷ್ಟು ದಿನ ನನ್ನ ಸ್ನಾನ, ನನ್ನ ಬಟ್ಟೆ, ನನ್ನ ಓಡಾಟ ನಾನೇ ನೋಡಿಕೊಳ್ಳಬೇಕು, ಅಷ್ಟೇ. ವಾಕಿಂಗ್ ಜಾಸ್ತಿ ಮಾಡಿದರೆ ಸಾಕಾ?

ಉತ್ತರ 1:
ನಾನು ಫಿಸಿಯೋಥೆರಪಿಸ್ಟ್. ವಾಕಿಂಗ್ ಬಿಡಬೇಡಿ, ಹೃದಯಕ್ಕೂ ಮನಸ್ಸಿಗೂ ಒಳ್ಳೆಯದು. ಆದರೆ ನಿಮಗೆ ಕಡಿಮೆ ಆಗಿರುವುದು ತೊಡೆ ಮತ್ತು ಸೊಂಟದ ಬಲ ಅನಿಸುತ್ತದೆ, ಸಮತಟ್ಟು ದಾರಿಯಲ್ಲಿ ಎಷ್ಟು ನಡೆದರೂ ಅದು ಅಷ್ಟಾಗಿ ಬೆಳೆಯುವುದಿಲ್ಲ. 30 ದಾಟಿದ ಮೇಲೆ ಸ್ನಾಯು ನಿಧಾನವಾಗಿ ಕರಗುತ್ತಾ ಹೋಗುತ್ತದೆ, 60ರ ನಂತರ ಇನ್ನೂ ಬೇಗ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ನಡಿಗೆಯಂಥ ಚಟುವಟಿಕೆ ಹೇಳಿ ಅಲ್ಲಿಗೇ ನಿಲ್ಲಿಸಿಲ್ಲ, ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ವಾರಕ್ಕೆ 2 ದಿನವಾದರೂ ಬೇಕು ಅನ್ನುತ್ತದೆ.

ಹೀಗೆ ಶುರು ಮಾಡಿ. ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ, ಕೈಗಳನ್ನು ಎದೆಗೆ ಕಟ್ಟಿಕೊಂಡು ಎದ್ದು ನಿಲ್ಲಿ, ಆಮೇಲೆ ದೊಪ್ಪನೆ ಬೀಳದೆ ನಿಧಾನವಾಗಿ ಕೂತುಕೊಳ್ಳಿ. ಕೂರುವಾಗಿನ ಆ ನಿಧಾನವೇ ಮುಖ್ಯ. ಸುಲಭ ಆಯಿತು ಅನಿಸಿದ ದಿನ ಸ್ವಲ್ಪ ತೂಕ ಹಿಡಿದುಕೊಳ್ಳಿ, ಯಾಕೆಂದರೆ ಕಷ್ಟ ಅನಿಸದಿದ್ದರೆ ಸ್ನಾಯು ಬೆಳೆಯುವುದಿಲ್ಲ. ಊಟದಲ್ಲಿ ಪ್ರೋಟೀನ್ ಕೂಡ ಸಾಕಷ್ಟು ಇರಲಿ. ತಡವಾಯಿತು ಅಂದುಕೊಳ್ಳಬೇಡಿ. 1990ರಲ್ಲಿ ಅಮೆರಿಕದಲ್ಲಿ ನರ್ಸಿಂಗ್ ಹೋಮ್‌ನಲ್ಲಿದ್ದ ಸುಮಾರು 90 ವರ್ಷದವರಿಗೆ 8 ವಾರ ತೂಕ ಎತ್ತಿಸಿ ನೋಡಿದ್ದರು, ಅವರ ಕಾಲಿನ ಬಲ ದುಪ್ಪಟ್ಟಿಗಿಂತ ಜಾಸ್ತಿ ಆಯಿತು.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ಜೊತೆಗೆ ಬೀಳದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ. ಗೋಡೆ ಪಕ್ಕ ಒಂಟಿ ಕಾಲಿನಲ್ಲಿ ನಿಲ್ಲುವುದನ್ನು ರೂಢಿ ಮಾಡಿ. ಬಿಪಿ ಮಾತ್ರೆ ಅಂದಿರಲ್ಲ, ಎದ್ದ ತಕ್ಷಣ ತಲೆ ಸುತ್ತಿದರೆ ಡಾಕ್ಟರಿಗೆ ಹೇಳಿ, ನೀವೇ ಮಾತ್ರೆ ನಿಲ್ಲಿಸಬೇಡಿ. ಬಚ್ಚಲಲ್ಲಿ ಹಿಡಿಕೆ ಹಾಕಿಸಿ. ಕಣ್ಣು, ಕಿವಿ ಕೂಡ ತೋರಿಸಿಕೊಳ್ಳಿ. ಕಿವಿ ಮಂದ ಆದವರು ಮೆಲ್ಲಗೆ ಮಾತುಕತೆಯಿಂದಲೇ ದೂರ ಸರಿಯುತ್ತಾರೆ, ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುವ ಕಾರಣಗಳಲ್ಲಿ ಕಿವುಡೂ ಒಂದು ಅಂತ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಹೇಳಿದೆ, 2024ರ ವರದಿಯಲ್ಲಿ ದೃಷ್ಟಿ ದೋಷವನ್ನೂ ಸೇರಿಸಿತು.

ಉತ್ತರ 3:
ನಾನು ಮನೆಯವರಿಗೆ ಒಂದು ಮಾತು ಹೇಳುತ್ತೇನೆ. ನಮ್ಮ ಅಮ್ಮ ಜ್ವರ ಬಂದು ಕೆಲವು ದಿನ ಮಲಗಿ ಎದ್ದಾಗ ಕಾಲಲ್ಲಿ ಶಕ್ತಿಯೇ ಇರಲಿಲ್ಲ. ನಾವೆಲ್ಲ "ನೀನು ಕೂತ್ಕೋ ಅಮ್ಮ, ನಾವು ಮಾಡ್ತೀವಿ" ಅಂತ ನೀರಿನ ಲೋಟವನ್ನೂ ಕೈಗೇ ಕೊಡುತ್ತಿದ್ದೆವು. ಪ್ರೀತಿಯಿಂದಲೇ, ಅಲ್ವಾ? ಕೊನೆಗೆ ಅವರೇ ಜಗಳ ಆಡಿ ಬಟ್ಟೆ ಮಡಚುವುದು, ಗಿಡಕ್ಕೆ ನೀರು ಹಾಕುವುದು ವಾಪಸ್ ತೆಗೆದುಕೊಂಡರು. ಈಗ ಮೊದಲಿಗಿಂತ ಗಟ್ಟಿಯಾಗಿ ಓಡಾಡುತ್ತಾರೆ. ಹಿರಿಯರು ನಿಧಾನವಾಗಿ ಮಾಡಲಿ, ಪಕ್ಕದಲ್ಲಿ ಇರಿ, ಆದರೆ ಕೈಯಿಂದ ಕೆಲಸ ಕಿತ್ತುಕೊಳ್ಳಬೇಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಕುರ್ಚಿಯಿಂದ ಏಳುವಾಗ ಮಂಡಿ ಸ್ವಲ್ಪ ನೋಯುತ್ತದೆ. ಆದರೂ ಮಾಡಬಹುದಾ?

ಉತ್ತರ 1:
ಕುರ್ಚಿ ಮೇಲೆ ಗಟ್ಟಿ ದಿಂಬು ಇಟ್ಟು ಎತ್ತರ ಮಾಡಿಕೊಳ್ಳಿ, ಮಂಡಿ ಕಡಿಮೆ ಮಡಚುತ್ತದೆ. ಮಾರನೇ ದಿನ ತೊಡೆ ಬಿಗಿ ಬಂದರೆ ಹೆದರಬೇಡಿ. ಮಂಡಿ ಊದಿದರೆ ಅಥವಾ ಚುಚ್ಚಿದಂಥ ನೋವು ಬಂದರೆ ನಿಲ್ಲಿಸಿ, ಹತ್ತಿರದ ಫಿಸಿಯೋ ಹತ್ತಿರ ಒಮ್ಮೆ ತೋರಿಸಿ.