10ರ ಸ್ಟ್ರಿಂಗ್ ಹಾಕಿದ ಮೇಲೆ ಗಿಟಾರ್ ದಾರಿ ತಪ್ಪಿದೆ, ನೆಕ್ ನಿಜವಾಗಿಯೂ ಹೋಗಿದೆಯಾ?

ಮಲೆನಾಡ_ತಂತಿ

ಎಲ್ಲರಿಗೂ ನಮಸ್ಕಾರ. ನನ್ನದು ಸ್ಟ್ರಾಟ್ ಮಾದರಿಯ ಗಿಟಾರ್, ಹಿಂದೆ ಮೂರು ಸ್ಪ್ರಿಂಗ್ ಇರುವ ಟ್ರೆಮೊಲೊ ಬ್ರಿಡ್ಜ್ (ತಂತಿಗಳ ಕೆಳತುದಿ ಹಿಡಿದು ಅಲುಗಾಡುವ ಭಾಗ). ಇಷ್ಟು ವರ್ಷ 9-42 ಸೆಟ್ (ಅತಿ ತೆಳು ತಂತಿ ಇಂಚಿನ ಸಾವಿರದಲ್ಲಿ 9 ಪಾಲು, ಅತಿ ದಪ್ಪದ್ದು 42) ಹಾಕುತ್ತಿದ್ದೆ, ಏನೂ ತೊಂದರೆ ಇರಲಿಲ್ಲ. ಹೋದ ವಾರ ಸದ್ದು ಸ್ವಲ್ಪ ದಪ್ಪ ಬರಲಿ ಅಂತ 10-46 ಹಾಕಿದೆ. ಆವತ್ತಿನಿಂದ ತಂತಿಗಳು ಮೇಲಕ್ಕೆ ಎದ್ದು ನಿಂತಿವೆ, ಬಾರ್ ಕಾರ್ಡ್ ಹಿಡಿದರೆ ಕೈ ನೋವು. ಅದಕ್ಕೆ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಣುಕು) ಇಳಿಸಿದೆ. ಈಗ 12ನೇ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ದಾಟಿದರೆ ಝರ್ ಅನ್ನುತ್ತದೆ, ಆದರೆ 5-7ರ ಹತ್ತಿರ ಇನ್ನೂ ಎತ್ತರವೇ. ಮೂರನೇ ತಂತಿ ಟ್ಯೂನ್ ಮಾಡುವಾಗ ನಟ್ (ನೆಕ್ಕಿನ ತಲೆಯ ಕಡೆ ತಂತಿ ಹಾಯುವ ಪಟ್ಟಿ) ಹತ್ತಿರ ಟಿಣ್ ಅಂತ ಸದ್ದು ಬಂದು ಸ್ವರ ಒಮ್ಮೆಲೇ ಮೇಲೆ ಹಾರುತ್ತದೆ.

ಊರಲ್ಲಿ ಒಬ್ಬರಿಗೆ ತೋರಿಸಿದೆ, ನೆಕ್ ಹೋಗಿದೆ, ಬದಲಾಯಿಸಿ ಅಂದರು. ಗಣೇಶನ ಹಬ್ಬಕ್ಕೆ ನಮ್ಮ ಆರ್ಕೆಸ್ಟ್ರಾ ಪ್ರೋಗ್ರಾಂ ಇದೆ, ಮೂರೇ ವಾರ ಉಳಿದಿರೋದು. ಎಲ್ಲಿಂದ ಶುರು ಮಾಡಲಿ?

ಮರ_ಮತ್ತು_ಫ್ರೆಟ್

ನೆಕ್ ಹೋಗಿಲ್ಲ ಸರ್, ಸುಮ್ನೆ ದುಡ್ಡು ಕಳೆಯಬೇಡಿ. ನೀವು ಬರೆದಿದ್ದೆಲ್ಲ ಹುಟ್ಟಿದ್ದು ಒಂದೇ ಕಡೆಯಿಂದ. 9ರ ಸೆಟ್ ಒಟ್ಟು ಸುಮಾರು 38 ಕೆಜಿ ಭಾರದಷ್ಟು ಎಳೆಯುತ್ತದೆ, 10ರ ಸೆಟ್ ಸುಮಾರು 47. ಆ ಜಾಸ್ತಿ ಎಳೆತಕ್ಕೆ ಬ್ರಿಡ್ಜಿನ ಹಿಂಭಾಗ ಎದ್ದಿದೆ, ನೆಕ್ ಮುಂದಕ್ಕೆ ಬಾಗಿದೆ. ಎರಡೂ ಸೇರಿ ತಂತಿ ಎತ್ತರವಾಯಿತು. ನೀವು ಮೂಲ ಬಿಟ್ಟು ಸ್ಯಾಡಲ್ ಇಳಿಸಿದಿರಿ, ಅದಕ್ಕೇ ನೆಕ್ಕಿನ ನಡುವೆ ಹಳ್ಳ ಹಾಗೇ ಉಳಿದು ಮೇಲಿನ ಫ್ರೆಟ್‌ಗಳಿಗೆ ತಂತಿ ತಾಗುತ್ತಿದೆ.

ಮೊದಲು ಬ್ರಿಡ್ಜನ್ನು ಪಕ್ಕದಿಂದ ನೋಡಿ. ಹಿಂದಿನ ಅಂಚು ಬಾಡಿಯಿಂದ 3 ಮಿಮೀ ಎದ್ದಿದ್ದರೆ ಸಾಕು, ನಿಮ್ಮದು 5-6 ಇರಬಹುದು. ಹಿಂದಿನ ಮುಚ್ಚಳ ತೆಗೆದರೆ ಸ್ಪ್ರಿಂಗ್ ಕಚ್ಚಿಕೊಂಡಿರುವ ಪಟ್ಟಿಗೆ ಎರಡು ಉದ್ದ ಸ್ಕ್ರೂ ಕಾಣುತ್ತವೆ. ಎರಡನ್ನೂ ಅರ್ಧರ್ಧ ಸುತ್ತು ಬಿಗಿ ಮಾಡಿ, ಮತ್ತೆ ಟ್ಯೂನ್ ಮಾಡಿ, ಮತ್ತೆ ನೋಡಿ. ನಾಲ್ಕೈದು ಸಲ ಮಾಡಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಬ್ರಿಡ್ಜ್ ಕೂತಾಗ ಝರ್ ಸದ್ದು ಇನ್ನೂ ಜಾಸ್ತಿಯಾಗುತ್ತದೆ, ಹೆದರಬೇಡಿ, ಸ್ಯಾಡಲ್ ಇನ್ನೂ ಕೆಳಗೇ ಇದೆಯಲ್ವಾ.

ಆಮೇಲೆ ನೆಕ್. ಬೈಕ್ ಗ್ಯಾರೇಜಿನಲ್ಲಿ ಟ್ಯಾಪೆಟ್ ಸೆಟ್ ಮಾಡಲು ಬಳಸುವ ಫೀಲರ್ ಗೇಜ್ ಇರುತ್ತದೆ, ಅದು ಸಾಕು. ಮೊದಲ ಫ್ರೆಟ್‌ಗೆ ಕಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಆರನೇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದು, 8ನೇ ಫ್ರೆಟ್‌ಗೂ ತಂತಿಗೂ ನಡುವೆ ಗೇಜಿನ 0.25 ಮಿಮೀ ಎಲೆ ತೂರಿಸಿ. ತಂತಿಯನ್ನು ಎತ್ತದೆ ಸವರಿಕೊಂಡು ಹೋದರೆ ಸರಿ. ಸಡಿಲ ಇದ್ದರೆ ಟ್ರಸ್ ರಾಡನ್ನು (ನೆಕ್ ಒಳಗೆ ಬಾಗು ಸರಿಪಡಿಸುವ ಕಂಬಿ) ಕಾಲು ಸುತ್ತು ಮಾತ್ರ ಬಿಗಿ ಮಾಡಿ, ಟ್ಯೂನ್ ಮಾಡಿ, ರಾತ್ರಿ ಹಾಗೇ ಬಿಡಿ. ಅಲೆನ್ ಕೀ ಸರಿಯಾದ ಅಳತೆಯದೇ ಇರಲಿ. ತಿರುಗದೆ ಗಟ್ಟಿಯಾಗಿ ನಿಂತರೆ ಅಲ್ಲೇ ಬಿಟ್ಟುಬಿಡಿ, ರಾಡ್ ಮುರಿದರೆ ಆಗ ನೆಕ್ ನಿಜವಾಗಿಯೂ ಹೋಗುತ್ತದೆ.

ಇದಾದ ಮೇಲೆಯೇ ಸ್ಯಾಡಲ್ ಮುಟ್ಟಿ. 17ನೇ ಫ್ರೆಟ್ ಮೇಲೆ 1.6 ಮಿಮೀ ಇಟ್ಟು ನೋಡಿ. ಆರ್ಕೆಸ್ಟ್ರಾದಲ್ಲಿ ಜೋರಾಗಿ ಬಾರಿಸುತ್ತೀರಿ ಅಂದರೆ ಆರನೇ ತಂತಿಗೆ 2 ಇರಲಿ.

ಕಡಲೂರಿನವಳು

ಮೇಲಿನವರು ಹೇಳಿದ್ದು ಸರಿ, ಟಿಣ್ ಸದ್ದಿನ ಬಗ್ಗೆ ನಾನು ಸೇರಿಸುತ್ತೇನೆ. ನಿಮ್ಮ ನಟ್‌ನ ಗಾಡಿ (ತಂತಿ ಕೂರುವ ಸಣ್ಣ ತೋಡು) ಬಹುಶಃ 9ರ ಸೆಟ್ಟಿಗೆ ಕೊರೆದದ್ದು. ಅದರಲ್ಲಿ 10ರ ತಂತಿ ಸಿಕ್ಕಿಹಾಕಿಕೊಳ್ಳುತ್ತದೆ, ಕೀ ತಿರುಗಿಸಿದಾಗ ಎಳೆತ ಸೇರುತ್ತಾ ಹೋಗಿ ಒಮ್ಮೆಲೇ ಬಿಡುತ್ತದೆ. ನನಗೂ ಹೀಗೇ ಆಗಿತ್ತು, ಟ್ಯೂನಿಂಗ್ ಕೀಗಳೇ ಕೆಟ್ಟಿವೆ ಅಂದುಕೊಂಡು ಹೊಸ ಸೆಟ್ ತರಿಸಿದ್ದೆ. ತಪ್ಪು ಅಲ್ಲಿರಲೇ ಇಲ್ಲ.

ಮೊದಲು 6ಬಿ ಪೆನ್ಸಿಲ್‌ನ ಪುಡಿಯನ್ನು ಗಾಡಿಗೆ ಚೆನ್ನಾಗಿ ತುಂಬಿ ನೋಡಿ. ಹೋಗದಿದ್ದರೆ ಹಳೆಯ ತೆಳು ತಂತಿಗೆ ನುಣುಪಾದ ಎಮರಿ ಪೇಪರ್ ಸುತ್ತಿ ಗಾಡಿಯ ಎರಡು ಪಕ್ಕ ಮಾತ್ರ ಮೆಲ್ಲಗೆ ಉಜ್ಜಿ. ತಳ ಉಜ್ಜಲೇಬೇಡಿ, ಕೂದಲೆಳೆಯಷ್ಟು ಇಳಿದರೂ ಖಾಲಿ ತಂತಿ ಮೊದಲ ಫ್ರೆಟ್‌ಗೆ ಬಡಿಯುತ್ತದೆ.

ಮಲೆನಾಡ_ತಂತಿ

ನಾಲ್ಕು ದಿನ ಕೂತು ಮಾಡಿದೆ. ಬ್ರಿಡ್ಜ್ 6 ಮಿಮೀ ಎದ್ದಿತ್ತು, ಈಗ 3. ನೆಕ್ ಹತ್ತಿರ 0.45ರ ಎಲೆ ಆರಾಮಾಗಿ ನುಗ್ಗುತ್ತಿತ್ತು. ಎರಡು ರಾತ್ರಿ ಕಾಲು ಕಾಲು ಸುತ್ತು ತಿರುಗಿಸಿದೆ, ಈಗ 0.25 ಸವರಿಕೊಂಡು ಹೋಗುತ್ತದೆ. ಝರ್ ಇಲ್ಲ. ಪೆನ್ಸಿಲ್ ಪುಡಿಗೇ ಟಿಣ್ ಸದ್ದು ನಿಂತಿತು. ಇಬ್ಬರಿಗೂ ತುಂಬಾ ಥ್ಯಾಂಕ್ಸ್, ನೆಕ್‌ಗೆ ಆರ್ಡರ್ ಕೊಡೋಕೆ ಹೊರಟಿದ್ದೆ ನಾನು.

ಒಂದು ಉಳಿದಿದೆ. ಆರನೇ ತಂತಿಯನ್ನು 12ರಿಂದ ಮೇಲೆ ಒತ್ತಿದರೆ ಎರಡು ಸ್ವರ ಸೇರಿ ನಡುಗಿದ ಹಾಗೆ ಕೇಳುತ್ತದೆ. ಟ್ಯೂನರ್ ಮುಳ್ಳೂ ಒಂದು ಕಡೆ ನಿಲ್ಲಲ್ಲ.

ಮರ_ಮತ್ತು_ಫ್ರೆಟ್

ಅದು ಪಿಕಪ್‌ನ ಅಯಸ್ಕಾಂತ ತಂತಿಯನ್ನು ಎಳೆಯುತ್ತಿರೋದು (ಪಿಕಪ್ ಅಂದರೆ ತಂತಿಯ ಕೆಳಗೆ ಕಂಪನ ಹಿಡಿಯುವ ಭಾಗ). ಬ್ರಿಡ್ಜ್ ಕೆಳಗೆ ಕೂತ ಮೇಲೆ ತಂತಿ ಪಿಕಪ್‌ಗೆ ಹತ್ತಿರ ಬಂದಿದೆ. ಕೊನೆಯ ಫ್ರೆಟ್ ಒತ್ತಿ ಹಿಡಿದು ಆರನೇ ತಂತಿಗೂ ನೆಕ್ ಪಿಕಪ್‌ಗೂ ನಡುವೆ 3 ಮಿಮೀ ಬರುವವರೆಗೆ ಪಿಕಪ್ ಇಳಿಸಿ, ಒಂದನೇ ತಂತಿಯ ಕಡೆ 2 ಸಾಕು. ಇಂಟೋನೇಶನ್ (ನೆಕ್ ಉದ್ದಕ್ಕೂ ಸ್ವರ ಸರಿಯಿದೆಯಾ ಅನ್ನೋದು) ಆಮೇಲೆ ನೋಡಿ, ಈ ನಡುಕ ಇರುವಾಗ ಟ್ಯೂನರ್ ನಂಬೋಕಾಗಲ್ಲ. 12ರಲ್ಲಿ ಒತ್ತಿದ ಸ್ವರ, ಅಲ್ಲೇ ಒತ್ತದೆ ಮೆಲ್ಲಗೆ ಮುಟ್ಟಿ ಬಾರಿಸುವ ಹಾರ್ಮೊನಿಕ್‌ಗಿಂತ ಮೇಲಿದ್ದರೆ ಸ್ಯಾಡಲ್ ಹಿಂದಕ್ಕೆ, ಕೆಳಗಿದ್ದರೆ ಮುಂದಕ್ಕೆ. ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ.